ನಡುಕೆರೆಯಿಂದ ತುಂಬಿದ ಬಾಟಲಿ

ನಾನು ಬರೆದ ಸುಳ್ಳು ಒಂದೇ ಸಾಲಿನದು. ‘ಕೆರೆಯ ದಂಡೆಯ ನೀರನ್ನು ಪರೀಕ್ಷಿಸಲಾಗಿ ಸೈಕ್ಲಾಪ್ಸ್ ಕಂಡುಬಂದಿಲ್ಲ.’ ಕೆಳಗೆ ನನ್ನ ಸಹಿ, ಅದರ ಕೆಳಗೆ ಎರಡು ಗೆರೆ. ಆ ಗೆರೆಗಳನ್ನು ಎಷ್ಟು ಠೀವಿಯಿಂದ ಎಳೆದಿದ್ದೆ ಎಂದು ನೆನೆದರೆ ಈ ಬಲಗೈಯ ಮೇಲೆ ಇವತ್ತಿಗೂ ಸಿಟ್ಟು ಬರುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ‘ಆಗಿದ್ದು ಆಗಿಹೋಯ್ತು, ಬಿಡ್ರಿ’ ಎಂದು ಸಮಾಧಾನ ಹೇಳಲು ಬರುವವರನ್ನು ಕಂಡರೆ ಇನ್ನಷ್ಟು ಏರುತ್ತದೆ. ಆಗಿದ್ದು ಅವರಿಗಲ್ಲವಲ್ಲ.

ಹುಮನಾಬಾದಿನಲ್ಲಿ ಹೈಸ್ಕೂಲು ಮುಗಿಸಿ, ಒಂದಷ್ಟು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಹಳ್ಳಿ ಹಳ್ಳಿ ತಿರುಗಿ ರೋಗದ ಲೆಕ್ಕ ಬರೆಯುವ ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಸೇರಿದವನು ನಾನು. ಎಂಬತ್ತರ ದಶಕದ ಆರಂಭದಲ್ಲಿ ನಾರು ಹುಣ್ಣಿನ ಕೆಲಸವನ್ನು ನಮಗೆ ಹಚ್ಚಿದರು. ಯಾವ ಕೆರೆಯಲ್ಲಿ, ಯಾವ ಬಾವಿಯಲ್ಲಿ ಆ ರೋಗ ಇದೆ ಎಂದು ನೋಡಿ ಪಟ್ಟಿ ಮಾಡಬೇಕು. ಪಟ್ಟಿಗೆ ಬಂದ ನೀರಿಗೆ ಔಷಧ ಹಾಕುತ್ತಾರೆ, ಊರಿಗೆ ಕೈಪಂಪು ಕೊಡುತ್ತಾರೆ. ಪಟ್ಟಿಗೆ ಬಾರದ ಊರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನಾರು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, 1956ರ ಬೇಸಿಗೆಯಲ್ಲಿ, ನನಗೆ ಹನ್ನೆರಡು. ಎಡಗಾಲಿನ ಹರಡಿನ ಮೇಲೆ ಒಂದು ಬೊಬ್ಬೆ ಎದ್ದಿತು. ಬೆಂಕಿ ಇಟ್ಟಂಥ ಉರಿ. ಒಡೆದ ಮೇಲೆ ಅದರೊಳಗಿಂದ ಬಿಳಿ ದಾರದಂಥ ಹುಳು ತಲೆ ಹೊರಗೆ ಹಾಕಿತು. ಉರಿ ತಡೆಯಲಾರದೆ ನಾನು ಹೋಗಿ ಬಾವಿಯ ಪಾವಟಿಗೆಯ ಮೇಲೆ ಕುಳಿತು ಕಾಲನ್ನು ನೀರಿನಲ್ಲಿ ಇಳಿಬಿಡುತ್ತಿದ್ದೆ. ತಣ್ಣಗಾಗುತ್ತಿತ್ತು. ಊರಿನವರೆಲ್ಲ ಹಾಗೇ ಮಾಡುತ್ತಿದ್ದರು. ಹುಳು ತನ್ನ ಮರಿಗಳನ್ನು ನೀರಿಗೆ ಬಿಡಲು ಕಾಯುತ್ತಿರುವುದೇ ಆ ಗಳಿಗೆಗೆ ಎಂದು ಯಾರಿಗೆ ಗೊತ್ತಿತ್ತು? ಮಳೆಗಾಲವೆಲ್ಲ ಶಾಲೆ ತಪ್ಪಿತು. ಆ ಗಾಯದ ಗುರುತು ಈಗಲೂ ಇದೆ. ಇದನ್ನು ಹೇಳುತ್ತಿರುವುದು ಕನಿಕರ ಗಿಟ್ಟಿಸಲು ಅಲ್ಲ. ಗೊತ್ತಿಲ್ಲದವನು ಮಾಡಿದ್ದರೆ ತಪ್ಪು ಎನ್ನಬಹುದಿತ್ತು. ನಾನು ಗೊತ್ತಿದ್ದವನು.

ನೀರಿನ ಕೆಲಸ ಕಲಿಸಲು ನಮ್ಮನ್ನು ಬಸವಕಲ್ಯಾಣಕ್ಕೆ ಕರೆಸಿದ್ದರು. ಕಲಿಸಿದವರು ಪ್ರಯೋಗಾಲಯದ ಒಬ್ಬ ಹಿರಿಯರು. ಬಿಳಿ ಗಡ್ಡ, ದಪ್ಪ ಕನ್ನಡಕ, ಬಾಯಿ ಬಹಳ ಖಾರ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾವು ಕೋಣೆಯಲ್ಲಿ ಕೂಡಿಸಿ ಪಾಠ ಹೇಳುತ್ತಾರೆಂದು ನೋಟುಬುಕ್ಕು ಹಿಡಿದು ಹೋಗಿದ್ದೆವು. ಅವರು ನಮ್ಮನ್ನು ನೇರವಾಗಿ ಕೆರೆಗೆ ಕರೆದುಕೊಂಡು ಹೋಗಿ, ‘ಪ್ಯಾಂಟ್ ಮ್ಯಾಲ ಏರಸ್ರಿ’ ಎಂದರು.

ಅವರ ಬಳಿ ಒಂದು ಸಲಕರಣೆ ಇತ್ತು. ಬಾಟಲಿಯ ಬುಡಕ್ಕೆ ಕಲ್ಲು ಕಟ್ಟಿ, ಅದನ್ನು ಉದ್ದ ಬಿದಿರಿನ ತುದಿಗೆ ತೂಗುಹಾಕಿದ್ದರು. ಬಿರಡೆಗೆ ಬೇರೆ ದಾರ. ಬಾಟಲಿಯನ್ನು ಬೇಕಾದಷ್ಟು ಆಳಕ್ಕೆ ಇಳಿಸಿ ದಾರ ಎಳೆದರೆ ಬಿರಡೆ ಕಿತ್ತು ಆ ಆಳದ ನೀರೇ ತುಂಬಿಕೊಳ್ಳುತ್ತಿತ್ತು. ದಂಡೆಯ ಜೊಂಡಿನ ಬುಡದಿಂದ ಒಂದು ಬಾಟಲಿ, ಆಳದ ನಡುವಿನಿಂದ ಒಂದು, ತಳದ ಕೆಸರಿಗೆ ತಾಗಿಸಿ ಒಂದು, ಪಾಚಿ ಹಬ್ಬಿದ ಮೂಲೆಯಿಂದ ಒಂದು. ನಾಲ್ಕನ್ನೂ ಬಿಳಿ ಪಿಂಗಾಣಿ ಬಸಿಗಳಿಗೆ ಸುರಿದು ನಮ್ಮ ಮುಂದಿಟ್ಟರು.

ಒಂದೇ ಕೆರೆ, ಒಂದೇ ಮುಂಜಾನೆ, ನಾಲ್ಕು ಬಸಿಯಲ್ಲಿ ನಾಲ್ಕು ಬೇರೆ ಜಗತ್ತು. ನಡುವಿನ ನೀರಿನಲ್ಲಿ ನೀರು ಚಿಗಟ ಎನ್ನುವ ಜೀವಿಗಳು, ಗಾಜಿನಷ್ಟು ತೆಳು, ಹೊಟ್ಟೆಯೊಳಗಿನದೆಲ್ಲ ಕಾಣುತ್ತಿತ್ತು, ಕುಪ್ಪಳಿಸುತ್ತಿದ್ದವು. ಕೆಸರಿನ ಬಸಿಯಲ್ಲಿ ಜೋಳದ ನುಚ್ಚಿನಷ್ಟು ಚಿಕ್ಕ ಚಿಪ್ಪಿನವು, ಎರಡು ಚಿಪ್ಪುಗಳ ನಡುವಿನಿಂದ ಕಾಲು ಹೊರಗೆ ಹಾಕಿ ತಳ ಕೆರೆಯುತ್ತಿದ್ದವು. ಜೊಂಡಿನ ಮತ್ತು ಪಾಚಿಯ ನೀರಿನಲ್ಲಿ ನಾವು ಹುಡುಕುತ್ತಿದ್ದದ್ದು: ಬಿಳಿ ಚುಕ್ಕೆಯಂಥ ಸೈಕ್ಲಾಪ್ಸ್. ತಲೆಯ ನಡುವೆ ಒಂದೇ ಕಣ್ಣು, ಹೆಣ್ಣಿನ ಬಾಲದ ಎರಡು ಬದಿಗೆ ಮೊಟ್ಟೆಯ ಎರಡು ಚೀಲ. ಎಲ್ಲವೂ ಸೀಗಡಿಯ ಬಳಗವೇ ಎಂದಾಗ ನಮಗೆ ನಗು ಬಂದಿತ್ತು. ನಾರಿನ ಮರಿಗಳನ್ನು ನುಂಗುವುದು ಈ ಒಕ್ಕಣ್ಣ. ನೀರಿನ ಜೊತೆ ಒಕ್ಕಣ್ಣನನ್ನು ನುಂಗುವವರು ನಾವು. ಸರಿಯಾಗಿ ಒಂದು ವರ್ಷಕ್ಕೆ ಹುಳು ಕಾಲಿನಲ್ಲಿ ಏಳುತ್ತದೆ.

‘ನೀವೆಲ್ಲಾ ಇದಕ್ಕ ಒಂದ ಕೆರಿ ಅಂತೀರಿ’ ಎಂದರು ಚಾಚಾ. ‘ಈ ಜೀವಕ್ಕ ಇದು ನಾಕ ಊರ. ದಂಡಿ ಒಂದ ಊರ, ನಡುವ ಒಂದ ಊರ, ತಳ ಒಂದ ಊರ, ಹುಲ್ಲಿಂದ ಒಂದ ಊರ. ಈ ಊರಿನ ಮಂದಿ ಆ ಊರಿಗಿ ಸುಮ್ಮಸುಮ್ಮನ ಹೋಗಂಗಿಲ್ಲ.’

‘ಹೋದ್ರ ಏನಾಗತದ್ರಿ ಚಾಚಾ?’ ಎಂದು ನಮ್ಮಲ್ಲೊಬ್ಬ ಕೇಳಿದ.

‘ಮೀನ ಕುಂತಿರ್ತಾವ. ಬಾ ಅಳಿಯಾ, ಊಟಕ್ಕ ಬಾ ಅಂತಾವ.’

ನಾವು ನಕ್ಕೆವು. ಚಾಚಾ ನಗಲಿಲ್ಲ. ಮಧ್ಯಾಹ್ನ ಮತ್ತೆ ಅದೇ ಜಾಗಗಳಲ್ಲಿ ಬಾಟಲಿ ಇಳಿಸಿದರು. ಮೇಲಿನ ನೀರು ಹೆಚ್ಚುಕಡಿಮೆ ಖಾಲಿ. ಬಿಸಿಲೇರಿದಂತೆ ಅವೆಲ್ಲ ಆಳಕ್ಕೋ ಹುಲ್ಲಿನ ಸಂದಿಗೋ ಸರಿಯುತ್ತವೆ, ಸಂಜೆ ಮತ್ತೆ ಮೇಲೇರುತ್ತವೆ. ಹರಿಯುವ ನೀರಿನಲ್ಲಿ ಒಕ್ಕಣ್ಣ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕೆರೆ ಇಳಿದಾಗ ದಂಡೆಯ ಬೆಚ್ಚಗಿನ, ನಿಂತ ನೀರಿನಲ್ಲಿ ಕಿಕ್ಕಿರಿಯುತ್ತದೆ. ‘ಮುಂಜಾನೆ ಹೋಗ್ರಿ, ದಂಡಿಗಿ ಹೋಗ್ರಿ, ಮಂದಿ ಎಲ್ಲಿ ಇಳದು ಕೊಡ ತುಂಬತಾರೋ ಅಲ್ಲೇ ನೀವೂ ಇಳೀರಿ’ ಎಂದರು. ‘ನಿಮ್ಮ ನೌಕರಿಗಿ ಹೆದರಿ ಅದು ತಾನಾಗೇ ಬಂದ ನಿಮ್ಮ ಬಾಟ್ಲ್ಯಾಗ ಕೂಡಂಗಿಲ್ಲ.’ ನಾನು ಇದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಷರ ದುಂಡಾಗಿತ್ತು.

ಅದೇ ಬೇಸಿಗೆಯಲ್ಲಿ ನನಗೆ ಹುಡಗಿ ಗ್ರಾಮದ ಆಚೆಗಿನ ಒಂದು ಊರನ್ನು ಕೊಟ್ಟರು. ಊರಿನ ಹೆಸರು ಬರೆಯುವುದಿಲ್ಲ. ಊರ ಮುಂದೆ ಒಂದು ಸಣ್ಣ ಕೆರೆ. ಊರಿನ ಕಡೆ ಕಲ್ಲಿನ ಪಾವಟಿಗೆಗಳು ಆಳಕ್ಕೆ ಇಳಿದಿದ್ದವು. ಅಲ್ಲಿ ಗಾಳಿಗೆ ನೀರು ಅಲುಗುತ್ತಿತ್ತು, ಪಾಚಿ ನಿಲ್ಲುತ್ತಿರಲಿಲ್ಲ. ರೈತರ ಮನೆಯವರು ಅಲ್ಲಿ ತುಂಬಿಕೊಳ್ಳುತ್ತಿದ್ದರು. ಆಚೆ ಕಡೆಯದು ಇಳಿಜಾರಿನ ಮಣ್ಣು ದಂಡೆ: ಮೊಣಕಾಲುದ್ದ ನೀರು, ಜೊಂಡು, ಪಾಚಿ, ಕುರಿ ಹಿಕ್ಕೆ. ಕುರಿ ಕಾಯುವ ನಾಲ್ಕು ಮನೆಯವರು ಅಲ್ಲಿ ಕುರಿಗೂ ಕುಡಿಸಿ, ತಾವೂ ತುಂಬಿಕೊಳ್ಳಬೇಕು. ಪಾವಟಿಗೆಗೆ ಅವರು ಬರುವಂತಿರಲಿಲ್ಲ. ಯಾರು ಹಾಗೆ ಹೇಳಿದ್ದರು ಎಂದು ಕೇಳಿದರೆ ಯಾರೂ ಹೇಳಿಲ್ಲ ಎನ್ನುತ್ತಿದ್ದರು. ಆದರೂ ಬರುವಂತಿರಲಿಲ್ಲ. ಒಕ್ಕಣ್ಣನಿಗೆ ಯಾವ ಜಾಗ ಹಿತವೋ ಸರಿಯಾಗಿ ಅದನ್ನೇ ಹುಡುಕಿ ಆ ನಾಲ್ಕು ಮನೆಗೆ ಕೊಟ್ಟಂತಿತ್ತು.

ನಾನು ಬಸ್ಸಿಳಿದು ನಡೆದು ಹೋಗುವಷ್ಟರಲ್ಲಿ ಹನ್ನೊಂದಾಗಿತ್ತು. ಮೊದಲು ಸಿಕ್ಕದ್ದು ಆಚೆ ದಂಡೆಯೇ. ನಲವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಕುರಿಗಳ ನಡುವೆ ನೀರಿನಲ್ಲಿ ನಿಂತಿದ್ದಳು. ಗಂಡ ಇಲ್ಲದವಳು, ಕುರಿ ಸ್ವಂತದ್ದು. ಸುಗ್ಗಿ ಮುಗಿದಾಗಿನಿಂದ ಊರೂರು ಅಲೆದು, ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಅವತ್ತೇ ಹಿಂದಿರುಗಿದ್ದರಂತೆ.

‘ಸಾಹೇಬ್ರ, ನೀರ ನೋಡಾಕ ಬಂದೀರಿ ಅಂತಾರ, ಖರೆ ಏನ್ರಿ?’

‘ಹೌದವ್ವಾ.’

‘ಹಂಗಾದ್ರ ಹೋಗೂಮುಂದ ನಮಗೂ ಒಂದ ಮಾತ ಹೇಳಿ ಹೋಗ್ರಿ. ಛೊಲೊ ಅದ ಅಂದ್ರ ಮಳಿ ಬರೂತನಕ ಇಲ್ಲೇ ಇಳೀತೇವಿ. ಖರಾಬ ಅದ ಅಂದ್ರ ನಾಳಿ ಮುಂಜಾನೆ ಝರಿ ಕಡಿಗಿ ಹೊಡಕೊಂಡ ಹೋಗ್ತೇವಿ. ಅಲ್ಲಿ ಹರಿಯೂ ನೀರ ಅದ. ಮೇವ ಕಮ್ಮಿ, ದೂರ ಆಗತದ. ಆದ್ರೂ ಹೋಗ್ತೇವಿ.’ ತನ್ನ ಎರಡೂ ಮೊಣಕಾಲನ್ನು ಅಂಗೈಯಿಂದ ತಟ್ಟಿದಳು. ‘ಹ್ವಾದ ವರ್ಷ ನಮ್ಮ ಮೈದುನಗ ಎದ್ದಿತ್ತು ನಾರ. ಮೂರ ತಿಂಗಳ ಹಾಸಗಿ ಹಿಡದ. ಅವಗ ಹೆಂಡ್ತಿ ಇದ್ಳು, ಮಾಡಿ ಹಾಕಿದ್ಳು. ನಾ ಮಲಕೊಂಡ್ರ ಕುರಿ ಹಿಂದ ಯಾರ ಹೋಗಬೇಕ್ರಿ? ಇವ ಎರಡ ಕಾಲೇ ನನ್ನ ಮನಿ ಗಂಡಸರು.’

ಹೇಳುತ್ತೇನೆ ಎಂದೆ. ಅಲ್ಲೇ ಬೂಟು ಕಳಚಿ ಇಳಿದಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಬಿಸಿಲಾಗಿದ್ದರೂ ಜೊಂಡಿನ ಬುಡಕ್ಕೆ ಕೈ ಹಾಕಿದ್ದರೆ ಸಿಗುತ್ತಿತ್ತು. ಆದರೆ ಬೂಟು ಹೊಸದು. ಕೆಸರು ಹಿಕ್ಕೆಯಿಂದ ಹಸಿರಾಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: ನನಗೆ ಆ ನೀರಿನ ಭಯವಿತ್ತು. ಕಾಲಿಟ್ಟರೆ ನಾರು ಹತ್ತುವುದಿಲ್ಲ, ಕುಡಿದರೆ ಮಾತ್ರ ಎಂದು ನಾನೇ ಊರೂರಿಗೆ ಹೇಳುತ್ತಿದ್ದೆ. ನನ್ನ ಹರಡು ಮಾತ್ರ ಅದನ್ನು ನಂಬುತ್ತಿರಲಿಲ್ಲ. ಮೊದಲು ಊರಿನವರನ್ನು ಕಂಡು ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಪಾವಟಿಗೆಯ ಕಡೆ ನಡೆದೆ.

ಪಾವಟಿಗೆಯ ಬಳಿ ಬೇವಿನ ಮರದ ಕೆಳಗೆ ಊರ ಗೌಡರು ಕಂಬಳಿ ಹಾಸಿಸಿ ಕಾದಿದ್ದರು. ಒಳ್ಳೆಯ ಮಾತುಗಾರರು. ನನ್ನಂಥವನಿಗೆ ಯಾರೂ ಹಾಗೆ ಕಂಬಳಿ ಹಾಸಿದ್ದಿಲ್ಲ.

‘ಬರ್ರಿ ಸಾಹೇಬ್ರ, ಕೂಡ್ರಿ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ. ನಡುಕೆರಿ ನೀರ ತರಸೇನಿ.’

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಬೀಗರು ಬಂದರೆ, ದೊಡ್ಡವರು ಬಂದರೆ ದಂಡೆಯ ನೀರು ಕೊಡುವುದಿಲ್ಲ. ಗೌಡರ ಮನೆಯ ಆಳು ತಾಮ್ರದ ಕೊಡ ಹಿಡಿದು ಕೆರೆಯ ನಡುವಿಗೆ ಈಜಿಹೋಗಿ, ಕೊಡವನ್ನು ಮುಳುಗಿಸಿ ತುಂಬಿಕೊಂಡು, ತಲೆಯ ಮೇಲೆ ಒಂದು ಕೈಯಲ್ಲಿ ಹಿಡಿದು ಈಜುತ್ತಾ ಬರುತ್ತಾನೆ. ಒಂದು ತೊಟ್ಟು ಚೆಲ್ಲಬಾರದು. ಅದನ್ನು ನೋಡುವುದೇ ಒಂದು ಚೆಂದ. ನಲವತ್ತು ದಾಟಿದ ಆ ಗಟ್ಟಿ ಆಳು ನನ್ನ ಸಲುವಾಗಿ ಈಜುವುದನ್ನು ನಾನು ಕಂಬಳಿಯ ಮೇಲೆ ಕುಳಿತು ನೋಡಿದೆ. ನೀರು ತಣ್ಣಗಿತ್ತು, ಸ್ಫಟಿಕದಂತಿತ್ತು.

‘ನೋಡ್ರಿ, ನಮ್ಮ ನೀರ ಹ್ಯಾಂಗದ ಅಂತ’ ಎಂದರು ಗೌಡರು. ‘ಇದಕ್ಕ ನಾರಿನ ನೀರ ಅಂತ ಹೆಸರಿಟ್ರ ಹೊಟ್ಟಿ ಉರೀತದ. ಕೊಹಿನೂರ ಊರ ಕಡಿಂದ ನಮ್ಮ ಮನಿಗಿ ಬೀಗರ ಬರಾವ್ರ ಇದ್ದಾರ. ನಾರಿನ ಊರ ಅಂತ ಸರಕಾರದ ಪಟ್ಟ್ಯಾಗ ಬಿತ್ತಂದ್ರ ಯಾರ ಹೆಣ್ಣ ಕೊಡ್ತಾರ್ರಿ? ನೀವ ಹೇಳ್ರಿ. ನಿಮ್ಮ ತಂಗಿನ್ನ ನೀವ ಕೊಡ್ತೀರಿ?’

ನಾನು ಕೊಡುವುದಿಲ್ಲ ಎಂದು ತಲೆಯಾಡಿಸಿದೆ. ನನ್ನ ಮದುವೆಯಲ್ಲೂ ಹರಡಿನ ಗುರುತು ಕಾಣದ ಹಾಗೆ ಧೋತರ ಉಟ್ಟಿದ್ದೆ.

‘ಬಾಟ್ಲಿ ಕೊಡ್ರಿ ಇಲ್ಲಿ. ನೀವ ಯಾಕ ಬೂಟ ಹೊಲಸ ಮಾಡಕೋತೀರಿ?’ ಎಂದು ಅವರೇ ನನ್ನ ಬಾಟಲಿಗಳನ್ನು ತೆಗೆದುಕೊಂಡು ಕೊಡದಿಂದ ತುಂಬಿಸಿದರು. ನಾನು ಕೊಟ್ಟೆ. ಕಸಿದುಕೊಂಡರು ಎಂದು ಬರೆಯುವ ಆಸೆಯಾಗುತ್ತದೆ. ಅವರು ಕೈ ಚಾಚಿದರು, ನಾನು ಕೊಟ್ಟೆ.

ಬಿಸಿಲಿಗೆ ಹಿಡಿದು ನೋಡಿದೆ. ಎರಡೋ ಮೂರೋ ನೀರು ಚಿಗಟ ಕುಪ್ಪಳಿಸುತ್ತಿದ್ದವು. ಒಕ್ಕಣ್ಣ ಒಂದೂ ಇರಲಿಲ್ಲ. ಹೇಗೆ ಇರಬೇಕು? ನಡುಮಧ್ಯಾಹ್ನ, ನಡುಕೆರೆ. ನಾನು ನೋಡಿದ್ದು ಖರೆ, ಬಾಟಲಿಯೊಳಗಿನದೂ ಖರೆ. ಕಾಗದದಲ್ಲಿ ‘ನೀರು ತೆಗೆದ ಜಾಗ’ ಎಂಬ ಖಾನೆ ಇತ್ತು. ಅದರಲ್ಲಿ ‘ದಂಡೆ’ ಎಂದು ಬರೆದೆ. ‘ವೇಳೆ’ ಎಂಬಲ್ಲಿ ‘ಮುಂಜಾನೆ’ ಎಂದು ಬರೆದೆ. ನಂತರ ಜೋಳದ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ ಉಂಡೆ. ರುಚಿಯಾಗಿತ್ತು. ಅದು ರುಚಿಯಾಗಿತ್ತೆಂಬುದು ಇನ್ನೂ ನೆನಪಿರುವುದಕ್ಕೇ ನನ್ನ ನಾಲಗೆಯನ್ನು ಕಚ್ಚಿಕೊಳ್ಳಬೇಕೆನಿಸುತ್ತದೆ.

ಹಿಂದಿರುಗುವಾಗ ಏರಿಯ ಮೇಲಿನಿಂದಲೇ ಆ ಕುರಿಯವಳಿಗೆ ಕೂಗಿ ಹೇಳಿದೆ: ‘ಛೊಲೊ ಅದವ್ವಾ ನೀರ!’

‘ನಿಮ್ಮ ಹೊಟ್ಟಿ ತಣ್ಣಗಿರಲಿ ಸಾಹೇಬ್ರ!’ ಎಂದು ಅವಳು ಕೆಳಗಿನಿಂದ ಕೈಯೆತ್ತಿದಳು. ಅವರು ಝರಿಗೆ ಹೋಗಲಿಲ್ಲ. ಮಳೆ ಬರುವವರೆಗೆ ಅಲ್ಲೇ ಇಳಿದರು, ಅದೇ ನೀರು ಕುಡಿದರು.

ಆ ಸಲದ ಸಭೆಯಲ್ಲಿ ಮೇಲಿನವರು ನನ್ನ ಕಾಗದ ಎತ್ತಿ ತೋರಿಸಿ, ಬರೆದರೆ ಹೀಗೆ ಸ್ವಚ್ಛವಾಗಿ ಬರೆಯಬೇಕು ಎಂದರು. ಸ್ವಚ್ಛ ಎಂದದ್ದು ಅಕ್ಷರಕ್ಕೋ ಕೆರೆಗೋ ಯಾರೂ ಕೇಳಲಿಲ್ಲ. ರೋಗ ಇಲ್ಲ ಎಂಬ ಕಾಗದ ಯಾರಿಗೂ ಕೆಲಸ ಹಚ್ಚುವುದಿಲ್ಲ, ಆದ್ದರಿಂದ ಎಲ್ಲರಿಗೂ ಇಷ್ಟ. ಆ ಮಾತಿಗೆ ಹಿಗ್ಗಿದ ನನ್ನ ಮುಖವನ್ನು ಈಗ ಕಂಡರೆ ಹೊಡೆಯುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಆ ಊರಿಗೆ ಹೋದಾಗ ಅವಳು ಹಟ್ಟಿಯ ಮುಂದೆ ಹೊರಸಿನ ಮೇಲೆ ಬಲಗಾಲು ನೀಡಿಕೊಂಡು ಕುಳಿತಿದ್ದಳು. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ನಾರು ಎದ್ದು ವಾರಗಳಾಗಿದ್ದವು. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯುತ್ತಿದ್ದಳಂತೆ. ಆದರೆ ಕುರಿ ಕಾಯುವವರು ಯಾರೂ ಇಲ್ಲ. ಕಡ್ಡಿ ಕಟ್ಟಿಕೊಂಡೇ ಅಡವಿಗೆ ಹೋಗಿದ್ದಳು. ಮುಳ್ಳುಕಂಟಿಗೆ ಸಿಕ್ಕು ಹುಳು ತುಂಡಾಯಿತು. ತುಂಡಾದ ಹುಳು ಒಳಗೇ ಉಳಿದು ಕೀವಾಯಿತು. ಆ ಮೊಣಕಾಲು ಮುಂದೆ ಎಂದೂ ಮಡಿಚಲಿಲ್ಲ.

‘ನೀರ ಛೊಲೊ ಅದ ಅಂದಿದ್ರಿ ಸಾಹೇಬ್ರ’ ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಎಲ್ಲಿ ತಪ್ಪಿತು ಎಂದು ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ‘ಹಂಗಾದ್ರ ಎಲ್ಲಿಂದ ಬಂತ್ರಿ ಇದು?’

ಆಗ ಹೇಳಬಹುದಿತ್ತು. ನಾನು ಚೀಲದಿಂದ ಕಾಗದ ತೆಗೆದೆ. ರೋಗಿಯ ಹೆಸರು, ಊರು, ಎಲ್ಲಿ ತಗುಲಿದ್ದು. ಈ ಕೆರೆ ಎಂದು ಬರೆದರೆ ಹೋದ ವರ್ಷದ ನನ್ನ ಸಹಿಯನ್ನು ಯಾರಾದರೂ ತೆಗೆದು ನೋಡುತ್ತಾರೆ. ಕುರಿಯವರು ವರ್ಷದ ಅರ್ಧ ಭಾಗ ಅಲೆಯುತ್ತಾರಲ್ಲ; ಅವರ ದಾರಿಯ ಯಾವ ಕೆರೆಯ ಮೇಲಾದರೂ ಹಾಕಬಹುದು. ಊರು ಬಿಡದ ಒಬ್ಬ ರೈತನ ಕಾಲಿನಲ್ಲಿ ಎದ್ದಿದ್ದರೆ ಹೀಗೆ ಬರೆಯಲು ಬರುತ್ತಿರಲಿಲ್ಲ. ‘ವಲಸೆಯಲ್ಲಿ, ಹೊರ ಊರಿನ ನೀರಿನಿಂದ’ ಎಂದು ಬರೆದೆ. ಬರೆಯುತ್ತಿರುವಾಗಲೇ ಇದೆಷ್ಟು ಜಾಣತನ ಎಂದು ಒಳಗೊಳಗೇ ಅನಿಸಿತು. ಮೊದಲನೆಯ ಸುಳ್ಳಿಗೆ ಸೋಮಾರಿತನ ಎನ್ನಬಹುದು, ಹೆದರಿಕೆ ಎನ್ನಬಹುದು. ಇದಕ್ಕೆ ಏನೆನ್ನಲಿ?

ಹೆಬ್ಬೆಟ್ಟು ಒತ್ತುವಾಗ ಕೇಳಿದಳು: ‘ಏನ ಬರದೀರಿ?’

‘ನಿಮ್ಮ ಕಾಲಿಂದವ್ವಾ. ದವಾಖಾನಿಗಿ.’

‘ಬರೀರಿ, ಬರೀರಿ. ಮುಂದ ಯಾರಿಗೂ ಆಗಬಾರದು’ ಎಂದಳು.

ಅವತ್ತು ಹುಮನಾಬಾದಿಗೆ ಹೋಗುವ ಬಸ್ಸು ಬಂದರೂ ನಾನು ಹತ್ತಲಿಲ್ಲ. ಪಶ್ಚಾತ್ತಾಪ ಎಂಬ ದೊಡ್ಡ ಮಾತು ಬೇಡ. ಅವಳು ‘ಬರೀರಿ, ಬರೀರಿ’ ಎಂದದ್ದರ ಮೇಲೆ ನನಗೆ ಸಿಟ್ಟು ಬಂದಿತ್ತು. ಬೈದಿದ್ದರೆ ಬೈಸಿಕೊಂಡು ಹೋಗಿಬಿಡುತ್ತಿದ್ದೆ. ಆ ರಾತ್ರಿ ಹುಡಗಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಆಚೆ ದಂಡೆಗೆ ಹೋಗಿ, ಬೂಟು ಬಿಚ್ಚಿಟ್ಟು, ಮೊಣಕಾಲುದ್ದ ನೀರಿಗೆ ಇಳಿದು ಜೊಂಡಿನ ಬುಡದಿಂದ ಒಂದು ಭರಣಿ ನೀರು ತುಂಬಿದೆ. ಬಾಯಿಗೆ ಅರಿವೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋದೆ. ಸೂಕ್ಷ್ಮದರ್ಶಕ ಬೇಕೇ ಇರಲಿಲ್ಲ. ಬಸ್ಸಿನ ಕಿಟಕಿಯ ಬಿಸಿಲಿನಲ್ಲೇ ಬಿಳಿ ಚುಕ್ಕೆಗಳು ಜಿಗಿದು ನಿಂತು, ಜಿಗಿದು ನಿಂತು ಮಾಡುತ್ತಿದ್ದವು. ಭರಣಿ ತುಂಬ.

ಚಾಚಾ ಒಂದು ಹನಿ ಗಾಜಿನ ಮೇಲಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

‘ಯಾವ ಜಾಗಾ?’

ಊರಿನ ಹೆಸರು ಹೇಳಿದೆ. ‘ದಂಡಿ. ಜೊಂಡಿನ ಬುಡಕ. ಇವತ್ತ ಮುಂಜಾನೆ.’

‘ಹ್ವಾದ ವರ್ಷ ಈ ಕೆರಿ ಸಾಫ್ ಅದ ಅಂತ ಬರದಾಂವ ನೀನ ಅಲ್ಲ? ಅವತ್ತ ಎಲ್ಲಿದು ತುಂಬಿದ್ದಿ?’

‘ನಡುಕೆರಿದು. ಮಧ್ಯಾಹ್ನ. ಗೌಡರ ಮನಿ ಕೊಡದಾಗಿಂದು.’

ಚಾಚಾ ಕನ್ನಡಕ ತೆಗೆದರು. ‘ಒಬ್ಬಾವನ್ನ ಹುಡಕಾಕ ಹ್ವಾದಿ. ಅವನ ಮನಿ ಒಂದ ಬಿಟ್ಟ ಎಲ್ಲಾ ಮನಿ ಬಾಗಿಲಾ ಬಡದಿ. ಬಂದ ಬರದಿ, ಊರಾಗ ಇಲ್ಲ ಅಂತ. ಶಾಬಾಸ್, ಇನ್ಸ್‌ಪೆಕ್ಟರ್ ಸಾಹೇಬ.’

‘ಎಲ್ಲಾರೂ ಹಿಂಗೇ ಮಾಡ್ತಾರ್ರಿ ಚಾಚಾ’ ಎಂದೆ.

‘ಎಲ್ಲಾರ್ನೂ ಆಮ್ಯಾಲ ಕೇಳ್ತೀನಿ. ಈಗ ನಿಂದ ಹೇಳ. ಯಾರ ಕಾಲ ಹೋತು?’

ಹೇಳಿದೆ. ವಲಸೆ ಎಂದು ಬರೆದದ್ದನ್ನೂ ಹೇಳಿದೆ. ಅವರು ಮುದುಕರು, ನಾನು ಅವರಿಗಿಂತ ಗಟ್ಟಿಮುಟ್ಟಾದವನು. ಆದರೂ ಅವರು ಹೊಡೆಯುತ್ತಾರೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಹೊಡೆಯಲಿಲ್ಲ. ಒಂದು ಬಿಳಿ ಕಾಗದ ನನ್ನ ಮುಂದೆ ಎಸೆದರು. ‘ಎರಡೂ ಸುಳ್ಳ ಬರಿ. ಜಾಗಾ, ವ್ಯಾಳಿ, ಯಾರ ತುಂಬಿದ್ರು, ಎಲ್ಲಾ. ನನ್ನ ಮುಂದ ಬರಿ. ಇಲ್ಲಾಂದ್ರ ನಾ ಬರೀತೀನಿ, ನನ್ನ ಅಕ್ಷರ ಛೊಲೊ ಇಲ್ಲ.’

ಬರೆದೆ. ಕಾಗದ ಮೇಲೆ ಹೋಯಿತು. ನನಗೊಂದು ನೋಟೀಸು ಬಂತು, ಒಂದು ಬಡ್ತಿ ತಡೆದರು. ಅಷ್ಟೇ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಒಂದು ಕಾಲಿನ ಬೆಲೆ ಒಂದು ನೋಟೀಸು. ಕೆರೆ ಪಟ್ಟಿಗೆ ಸೇರಿತು. ಆಚೆ ದಂಡೆಯ ನೀರಿಗೆ ಔಷಧ ಬಂತು, ಕುರಿಯವರ ಹಟ್ಟಿಯ ಮುಂದೆಯೇ ಕೈಪಂಪು ಬಂತು. ಗೌಡರು ನನ್ನನ್ನು ಕಂಡರೆ ಮುಖ ತಿರುಗಿಸಿದರು. ಅವರ ಬೀಗರು ಬಂದರು, ಮದುವೆಯೂ ಆಯಿತು. ಅವರು ಹೆದರಿದ್ದು ಯಾವುದೂ ನಡೆಯಲಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು, ಕಾಗದ ಬರೆದ ಮರುದಿನವೇ, ನಾನು ಹಟ್ಟಿಗೆ ಹೋಗಿ ಅವಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು. ಹೊರಸಿನ ಹಗ್ಗವನ್ನು ಬೆರಳಿನಿಂದ ಎಳೆಯುತ್ತಾ ಕೇಳಿದಳು.

‘ಅಂದ್ರ ಅವತ್ತ ನಾವ ಝರಿಗಿ ಹೋಗಬೇಕಾಗಿತ್ತು.’

‘ಹೌದವ್ವಾ.’

‘ಕುರಿ ಹೊಡದ ನಿಲ್ಲಿಸಿದ್ದೆ ನಾನು. ನೀ ಕೂಗಿದ ಮ್ಯಾಲ ಮತ್ತ ಒಳಗ ಹೊಡದೆ.’ ಸಾಹೇಬ ಎನ್ನುವುದು ಅಲ್ಲಿಗೆ ನಿಂತಿತು. ‘ಮಾಫಿ ಕೇಳಾಕ ಬಂದಿ ಏನ?’

ನಾನು ಅವಳ ಮೊಣಕಾಲನ್ನು ನೋಡಿದೆ.

‘ನನಗ್ಯಾಕ ಹೇಳ್ತಿ? ನಂದ ಮುಗದದ. ಕಾಲ ಇದ್ದವ್ರಿಗಿ ಹೋಗಿ ಹೇಳು. ಈಗ ಅಲ್ಲೇ ನೀರ ತುಂಬಾಕತ್ತಾರ.’

ದಂಡೆಗೆ ಹೋದೆ. ಮೂವರು ಹೆಂಗಸರು ಕೊಡ ತುಂಬುತ್ತಿದ್ದರು. ಅವರಲ್ಲಿ ಒಬ್ಬಳು ಅವಳ ತಮ್ಮನ ಸೊಸೆ, ಮೊಲೆಯುಣ್ಣುವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಈ ನೀರಿನಲ್ಲಿ ರೋಗವಿದೆ, ಇಲ್ಲ ಎಂದು ನಾನು ಸುಳ್ಳು ಹೇಳಿದ್ದೆ, ಎರಡು ಪದರು ಅರಿವೆಯಲ್ಲಿ ಸೋಸದೆ ಕುಡಿಯಬೇಡಿ ಎಂದೆ.

‘ವರ್ಷಗಟ್ಲೆ ಕುಡದೇವಲ್ಲೋ ಯಣ್ಣಾ’ ಎಂದಳು ಆ ಸೊಸೆ. ‘ಈಗ ಒದರಾಕ ಬಂದಿ? ಹೊಟ್ಯಾಗಿಂದ ಸೋಸಾಕ ಅರಿವಿ ತಂದಿ ಏನ?’

ಇನ್ನೊಬ್ಬಳು, ‘ಬೂಟ ಕಳೀ ಮೊದಲ. ಬೂಟ ಹಾಕ್ಕೊಂಡ ನಿಂತಾಂವ ಖರೆ ಹೇಳ್ತಾನ ಅಂತ ಹ್ಯಾಂಗ ನಂಬಬೇಕು?’ ಎಂದಳು. ಉಳಿದವರು ನಕ್ಕರು. ಬೂಟು ಕಳಚಿ ಇಳಿದು, ಒಂದು ಕೊಡ ನೀರನ್ನು ಅರಿವೆಯಲ್ಲಿ ಸೋಸಿ, ಅರಿವೆಯ ಮೇಲೆ ಉಳಿದದ್ದನ್ನು ಅವರಿಗೆ ಹತ್ತಿರದಿಂದ ತೋರಿಸಿದೆ. ನಗು ನಿಂತಿತು.

ಹೊಟ್ಟೆಯಲ್ಲಿರುವುದನ್ನು ಸೋಸಲು ಬರುವುದಿಲ್ಲ ಎಂಬ ಆ ಮಾತು ಸರಿಯಾಗಿತ್ತು. ಈ ರೋಗದ ಕ್ರೂರತನವೇ ಅದು. ನಾನು ಖರೆ ಬರೆದ ದಿನ ನೀರು ಬದಲಾಗಬಹುದು, ಕುಡಿದವರು ಬದಲಾಗುವುದಿಲ್ಲ. ಔಷಧ ಬಿದ್ದು, ಪಂಪು ಬಂದು, ಕೆರೆಯ ದಂಡೆ ಖಾಲಿಯಾದ ಮೇಲೂ, ಮುಂದಿನ ಬೇಸಿಗೆಯವರೆಗೆ ಆ ನಾಲ್ಕು ಮನೆಗಳ ಕಾಲುಗಳಲ್ಲಿ ನಾನು ಒಳ್ಳೆಯದೆಂದ ನೀರು ಏಳುತ್ತಲೇ ಇತ್ತು. ಪ್ರತಿ ಬಾರಿಯೂ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿದೆ. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ.

ಕೊನೆಗೆ ಎದ್ದದ್ದು ಆ ಸೊಸೆಗೆ, ಹಿಮ್ಮಡಿಯ ಮೇಲೆ. ನಾನು ಹುಮನಾಬಾದಿನಿಂದ ದಿನವೂ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕಾಲನ್ನು ಬಕೀಟಿನ ನೀರಿನಲ್ಲಿ ನೆನೆಸಿ, ಆ ನೀರನ್ನು ಕೆರೆಯಿಂದ ದೂರ, ಒಣ ನೆಲಕ್ಕೆ ಸುರಿದು, ಹುಳವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಕಡ್ಡಿಯನ್ನು ಕಾಲಿಗೆ ಕಟ್ಟುವುದು. ದಿನಕ್ಕೆ ಒಂದೇ ಸುತ್ತು. ಎಳೆದರೆ ತುಂಡಾಗುತ್ತದೆ. ಮಡಿಚಲಾಗದ ಕಾಲು ನೀಡಿಕೊಂಡು ಅವಳು ಪಕ್ಕದಲ್ಲೇ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದಳು.

‘ಸಾವಕಾಶ’ ಎನ್ನುತ್ತಿದ್ದಳು. ‘ಜಗ್ಗಬ್ಯಾಡ. ನಿನಗ ಮೊದಲಿಂದ ಗಡಿಬಿಡಿ ಭಾಳ.’

ಸೊಸೆಯನ್ನು ಅಡವಿಗೆ ಹೋಗಲು ಅವಳು ಬಿಡಲಿಲ್ಲ. ಅವಳ ಮನೆ, ಸೊಸೆಯ ಮನೆ, ಎರಡೂ ಮನೆಯ ಕುರಿಗಳ ಹಿಂದೆ ಅವಳ ಮೈದುನ ಹೋದ. ಅವಳ ಸ್ವಂತ ಕುರಿಗಳಲ್ಲಿ ಆಗಲೇ ಅರ್ಧ ಮಾರಿ ಹೋಗಿದ್ದವು. ಇಪ್ಪತ್ತು ದಿನಕ್ಕೆ ಹುಳು ಪೂರ್ತಿ ಹೊರಗೆ ಬಂತು, ತುಂಡಾಗದೆ. ಅದನ್ನು ಒಲೆಗೆ ಹಾಕಿದೆವು. ಸುಗ್ಗಿ ಮುಗಿದ ಮೇಲೆ ಆ ಸೊಸೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿಗಳ ಹಿಂದೆ ಹೊರಟಳು. ನೆಟ್ಟಗೆ ನಡೆದುಕೊಂಡು ಹೋದಳು.

ಅವಳು ಹಟ್ಟಿಯಲ್ಲೇ ಉಳಿದಳು. ಗುಂಪಿನ ಜೊತೆ ನಡೆಯಲಾರದ ಸಣ್ಣ ಮರಿಗಳನ್ನು ಅವಳ ಸುತ್ತ ಬಿಟ್ಟು ಹೋಗಿದ್ದರು. ನಾನು ಸೈಕಲ್ಲು ಹಿಡಿದು ನಿಂತಿದ್ದೆ.

‘ಇನ್ನ ಯಾಕ ನಿಂತಿ?’ ಎಂದಳು. ‘ಇಲ್ಲಿ ನೋಡೂದೇನ ಉಳದಿಲ್ಲ. ಬ್ಯಾರೆ ಕೆರಿ ಅವ ಅಲ್ಲ, ನೀ ಬರದಾವು?’

ಇದ್ದವು. ಬರೆದಿಟ್ಟ ಪಟ್ಟಿ ತೆಗೆದು ಮೊದಲಿನಿಂದ ಓದಿದೆ. ‘ದಂಡೆ, ಮುಂಜಾನೆ’ ಎಂದು ನನ್ನ ದುಂಡಗಿನ ಅಕ್ಷರದಲ್ಲಿದ್ದ ಊರುಗಳಲ್ಲಿ ಯಾವುದಕ್ಕೆ ನಾನು ನಿಜವಾಗಿ ಮುಂಜಾನೆ ಹೋಗಿದ್ದೆ, ಯಾವುದರ ದಂಡೆಗೆ ಇಳಿದಿದ್ದೆ ಎಂದು ನನಗೇ ಹೇಳಲು ಬರುತ್ತಿರಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಚಿಟಗುಪ್ಪದ ಕಡೆ ಹೊರಟೆ. ಒಂದೊಂದಾಗಿ ಎಲ್ಲ ಕೆರೆಗಳ ದಂಡೆಗೂ ಮತ್ತೆ ಇಳಿದೆ.